ಗಾಡಿ ಬೆಂಗಳೂರಿಗೆ ಹೋಗೇತಿ

ಗಂಗಾವತಿಯ ರೈಸ್‌ಮಿಲ್ಲುಗಳ ಸಾಲಿನಲ್ಲಿ ಯಾರಾದರೂ ಹೊಸ ಕಾರು ತಂದರೆ ಹಿರಿಯರು ಮೊದಲು ಕೇಳುತ್ತಿದ್ದುದು ಒಂದೇ ಮಾತು: "ದಾರ್ಯಾಗ ಕೈ ಕೊಡಂಗಿಲ್ಲ, ಹೌದಿಲ್ರೀ?" ಬೆಲೆ, ಮೈಲೇಜು, ಬಣ್ಣ ಎಲ್ಲ ಆಮೇಲೆ. ನಮ್ಮ ದಂಧೆ ನಡೆಯುವುದೇ ತಿರುಗಾಟದ ಮೇಲೆ. ಸುಗ್ಗಿ ಬಂದರೆ ಕಾರಟಗಿ, ಸಿದ್ದಾಪುರ, ಶ್ರೀರಾಮನಗರದ ಕಡೆಯ ಕ್ಯಾಂಪು ಊರುಗಳಿಗೆ ಭತ್ತ ನೋಡಲು ಹೋಗಬೇಕು. ಬ್ಯಾಂಕು, ಕಚೇರಿ ಎಂದರೆ ಕೊಪ್ಪಳ. ಅಕ್ಕನನ್ನು ಕೊಟ್ಟದ್ದು ಕುಷ್ಟಗಿಗೆ, ಅವ್ವನ ತವರು ಯಲಬುರ್ಗಾ ಸೀಮೆ. 1997ರಲ್ಲಿ ರಾಯಚೂರಿನಿಂದ ಬೇರೆಯಾಗಿ ಕೊಪ್ಪಳ ಜಿಲ್ಲೆಯಾದಾಗ ಅದರಲ್ಲಿದ್ದದ್ದು ಈ ನಾಲ್ಕೇ ತಾಲ್ಲೂಕು. ನಮ್ಮ ಮನೆಯ ಗಾಡಿಗಳು ಜೀವ ಸವೆಸಿದ್ದೂ ಬಹುಪಾಲು ಈ ನಾಲ್ಕರ ರಸ್ತೆಗಳಲ್ಲೇ.

ಅಪ್ಪನ ಮೊದಲ ಕಾರು ಡೀಸೆಲ್ ಅಂಬಾಸಿಡರ್. ಮೂರನೇ ಕೈಗೆ ಬಂದ ಹಳೇ ಗಾಡಿ. ಅದರ ಡಿಕ್ಕಿಯಲ್ಲಿ ಸಾಮಾನಿಗೆ ಜಾಗ ಕಡಿಮೆ, ಸಲಕರಣೆಯೇ ಹೆಚ್ಚು. ಪಾನಾ, ಜಾಕಿ, ನೀರಿನ ಕ್ಯಾನು, ಒಂದು ಸುರುಳಿ ತಂತಿ, ಹಳೆಯ ಫ್ಯಾನ್ ಬೆಲ್ಟು, ಅರ್ಧ ಸವೆದ ಬಟ್ಟೆ ಸೋಪು, ಒಂದು ಪೊಟ್ಟಣ ಅರಿಶಿನ ಪುಡಿ. ಡೀಸೆಲ್ ಟ್ಯಾಂಕು ಸಣ್ಣಗೆ ಸೋರಿದರೆ ಸೋಪು ತಿಕ್ಕುವುದು. ರೇಡಿಯೇಟರ್ ಸೋರಿದರೆ ಅರಿಶಿನ ಹಾಕಿ ನೀರು ತುಂಬುವುದು. ತವರಗೇರಾ ದಾಟಿದ ಮೇಲೆ ಕುಷ್ಟಗಿಯ ತನಕ ನೆರಳೂ ಇಲ್ಲ, ಗ್ಯಾರೇಜೂ ಇಲ್ಲ ಎನ್ನುವ ಕಾಲ ಅದು. ಆದರೂ ರಸ್ತೆಯ ಬದಿಗೆ ಬಾನೆಟ್ ಎತ್ತಿ ನಿಂತರೆ, ತಾಸಿನೊಳಗೆ ಗಾಡಿ ಮತ್ತೆ ಹೊರಡುತ್ತಿತ್ತು. ಲಾರಿ ನಿಲ್ಲಿಸಿ ಇಳಿದು ಬಂದ ಯಾವ ಕ್ಲೀನರನಿಗೂ ಅದರ ಒಳಗು ಗೊತ್ತಿರುತ್ತಿತ್ತು. ಅಂಬಾಸಿಡರ್ ತಯಾರಾಗುತ್ತಿದ್ದ ಉತ್ತರಪಾರಾದ ಕಾರ್ಖಾನೆ 2014ರಲ್ಲಿ ಬಾಗಿಲು ಹಾಕಿತೆಂಬ ಸುದ್ದಿ ಬಂದ ದಿನ ಅಪ್ಪ ಪೇಪರನ್ನು ಮಡಚದೆ ಬಹಳ ಹೊತ್ತು ತೊಡೆಯ ಮೇಲೆ ಇಟ್ಟುಕೊಂಡಿದ್ದರು.

ಬೆಂಜ್ ಬಂದದ್ದು 2003ರ ಸುಮಾರಿಗೆ. ಹುಬ್ಬಳ್ಳಿಯ ಹತ್ತಿ ವ್ಯಾಪಾರಿಯೊಬ್ಬರು ಹೊಸ ಮಾದರಿ ಕೊಳ್ಳಲು ಹಳೆಯದನ್ನು ಮಾರುತ್ತಿದ್ದರು. ಇ 250 ಡೀಸೆಲ್, ಐದು ಸಿಲಿಂಡರಿನ ಎಂಜಿನ್. 1994ರಲ್ಲಿ ಮರ್ಸಿಡಿಸ್ ಬೆಂಜ್ ಟಾಟಾದವರ ಟೆಲ್ಕೊ ಜೊತೆ ಸೇರಿ ಭಾರತದಲ್ಲಿ ಕಂಪನಿ ತೆರೆದು, ಮಾರನೇ ವರ್ಷ ಪುಣೆಯಲ್ಲಿ ಜೋಡಿಸಲು ಶುರು ಮಾಡಿದ ಮಾದರಿ ಅದು. ಗಂಗಾವತಿಯಲ್ಲಿ ಆಗ ಬೆಂಜ್ ಎಂದರೆ ಸಿನಿಮಾದಲ್ಲಿ ನೋಡುವ ಗಾಡಿ. ಅವ್ವ ಆರತಿ ಎತ್ತಿದಳು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರು, ಹಮಾಲರಿಗೆಲ್ಲ ಪೇಡೆ ಹಂಚಿದರು. ಅಪ್ಪ ಮಾತ್ರ ಅಷ್ಟರಲ್ಲೇ ಗಾಡಿಯನ್ನು ನೇರ ಮಿಸ್ತ್ರಿಯ ಶೆಡ್ಡಿಗೆ ಒಯ್ದು ನಿಲ್ಲಿಸಿದ್ದರು. "ನಿನ್ನ ಕೈಯಾಗ ಆಗ್ತೈತೇನ ನೋಡು ಮಿಸ್ತ್ರಿ. ಆಗಂಗಿಲ್ಲ ಅಂದ್ರ ಈಗಾ ಹೇಳು, ವಾಪಸ್ ಕೊಟ್ಟು ಬರ್ತೀನಿ."

ಆ ಮಿಸ್ತ್ರಿಯನ್ನು ನಾವು ಹುಡುಗರು ಚಾಚಾ ಎನ್ನುತ್ತಿದ್ದೆವು. ಅವರು ಬಾನೆಟ್ ಎತ್ತಿ, ಏನೂ ಮುಟ್ಟದೆ, ಎಂಜಿನ್ನಿನ ಸುತ್ತ ಎರಡು ಸಲ ಬಂದರು. ಆಮೇಲೆ ಸ್ಟಾರ್ಟ್ ಮಾಡಲು ಹೇಳಿ, ಒಂದು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡು ಒಂದೊಂದೇ ಸಿಲಿಂಡರಿನ ಸದ್ದು ಕೇಳಿದರು. "ಇದು ನಮ್ಮದಾ ಐತ್ರಿ ಸಾವಕಾರ್ರ," ಅಂದರು.

ಆ ಮಾತಿನ ಹಿಂದೆ ಒಂದು ಚರಿತ್ರೆಯೇ ಇತ್ತು. 1954ರಲ್ಲಿ ಟೆಲ್ಕೊ ಮತ್ತು ಜರ್ಮನಿಯ ಡೈಮ್ಲರ್ ಬೆಂಜ್ ಒಪ್ಪಂದ ಮಾಡಿಕೊಂಡು ಜಮಶೇಡಪುರದಲ್ಲಿ ಲಾರಿ ತಯಾರಿಸತೊಡಗಿದವು. 1969ರಲ್ಲಿ ಒಪ್ಪಂದ ಮುಗಿಯುವವರೆಗೆ ಟಾಟಾ ಲಾರಿಯ ಮೂತಿಯ ಮೇಲೆ ಬೆಂಜಿನ ಮೂರು ಮೊನೆಯ ನಕ್ಷತ್ರ ಇರುತ್ತಿತ್ತು. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದು, ಗದ್ದೆಯಾಗಿ, ಮಿಲ್ಲಾಗಿ, ಗಂಗಾವತಿಯ ಅಕ್ಕಿ ಹೊರಗೆ ಹೋಗಲು ಶುರುವಾದದ್ದು ಆ ಕಾಲದ ಲಾರಿಗಳಲ್ಲೇ. ಚಾಚಾನ ಉಸ್ತಾದರು ಕೈ ಪಳಗಿಸಿಕೊಂಡದ್ದು ಅವುಗಳ ಮೇಲೆ. ಅವರಿಂದ ಚಾಚಾ ಕಲಿತದ್ದು. ಡೀಸೆಲ್ ಪಂಪು, ನಾಝಲ್ಲು, ಹೀಟರ್ ಪ್ಲಗ್ಗು, ಟ್ಯಾಪೆಟ್ ಎಂಬ ವಿದ್ಯೆ ಒಂದು ತಲೆಮಾರು ದಾಟಿ ಬಂದು ಶೆಡ್ಡಿನಲ್ಲಿ ತಯಾರಾಗಿ ಕೂತಿತ್ತು. ಕಾರು ಜರ್ಮನಿಯದಾದರೂ ಅದರ ನಾಡಿ ಹಿಡಿಯುವವರು ನಮ್ಮ ಊರಲ್ಲಿದ್ದರು.

ಮಿಲ್ಲಿನ ಅಂಗಳದಲ್ಲಿ ನಿಲ್ಲುವ ಗಾಡಿಗೆ ದೊಡ್ಡ ಶತ್ರು ಹೊಟ್ಟಿನ ಧೂಳು. ಭತ್ತದ ಹೊಟ್ಟಿನ ನವಿರು ಎಲ್ಲಿ ಬೇಕಾದರೂ ನುಗ್ಗುತ್ತದೆ. ಬಾಯ್ಲರಿನ ಬೂದಿ ಅದರ ಮೇಲೆ ಕೂಡುತ್ತದೆ. ಚಾಚಾ ಏರ್ ಫಿಲ್ಟರ್ ತೆಗೆದು, ಕಟ್ಟೆಯ ಅಂಚಿಗೆ ಮೆಲ್ಲಗೆ ಬಡಿದು, ಗಾಳಿ ಹೊಡೆದು, ಮಡಿಕೆ ಮಡಿಕೆಯನ್ನೂ ಬಿಸಿಲಿಗೆ ಹಿಡಿದು ನೋಡುತ್ತಿದ್ದರು. 2004ರಿಂದ ಮುಂದೆ ಆ ಮಡಿಕೆಗಳಲ್ಲಿ ಹೊಟ್ಟಿನ ಜೊತೆ ಕೆಂಪು ಪುಡಿಯೂ ಸೇರಿಕೊಂಡಿತು. ಬಳ್ಳಾರಿ, ಸಂಡೂರು, ಹೊಸಪೇಟೆಯ ಅದಿರು ಹೇರಿಕೊಂಡ ಲಾರಿಗಳು ಆಗಿನ ಹೆದ್ದಾರಿ 63ರಲ್ಲಿ ಕೊಪ್ಪಳದ ಮೇಲೆ ಹಾದು ಗದಗ, ಹುಬ್ಬಳ್ಳಿ ದಾಟಿ ಕಾರವಾರ, ಬೇಲೆಕೇರಿ ಬಂದರುಗಳಿಗೆ ಹೋಗುತ್ತಿದ್ದವು. ಗಿಣಿಗೇರಾದಿಂದ ಕೊಪ್ಪಳದವರೆಗೆ ರಸ್ತೆ ಪಕ್ಕದ ಗಿಡಗಳಿಗೆ ಹಸಿರೇ ಉಳಿದಿರಲಿಲ್ಲ. ತಗ್ಗು ಬಿದ್ದ ಆ ರಸ್ತೆಯಲ್ಲಿ ಕೊಪ್ಪಳಕ್ಕೆ ಹೋಗಿ ಬಂದರೆ ಬಿಳಿ ಅಂಗಿಯ ಕಾಲರು ಇಟ್ಟಂಗಿಯ ಬಣ್ಣಕ್ಕೆ ತಿರುಗಿರುತ್ತಿತ್ತು. ಆ ಧೂಳನ್ನು ಕುಡಿದೂ ಬೆಂಜ್ ಓಡಿತು. ಬುಷ್‌ಗಳು ಸವೆದವು, ಶಾಕ್ ಅಬ್ಸಾರ್ಬರ್ ಹೋದವು. ರಸ್ತೆ ಹಾಗಿದ್ದರೆ ಯಾವ ಗಾಡಿಗೂ ಅದು ತಪ್ಪದು. ಬೇಕಾದ ಸಾಮಾನು ಹುಬ್ಬಳ್ಳಿಯಿಂದಲೋ ಬೆಂಗಳೂರಿನಿಂದಲೋ ರಾತ್ರಿ ಬಸ್ಸಿನ ಪಾರ್ಸಲ್‌ನಲ್ಲಿ ಬರುತ್ತಿತ್ತು, ಬೆಳಿಗ್ಗೆ ಚಾಚಾ ಜೋಡಿಸುತ್ತಿದ್ದರು. ಸಾಮಾನು ಊರಿಗೆ ಬರುತ್ತಿತ್ತು; ಗಾಡಿ ಊರು ಬಿಟ್ಟು ಹೋಗುತ್ತಿರಲಿಲ್ಲ.

ಹಳೆಯ ಬೆಂಜ್ ಡೀಸೆಲ್ಲುಗಳ ಬಾಳಿಕೆಯ ಬಗ್ಗೆ ಜಗತ್ತಿನಲ್ಲೆಲ್ಲ ಕಥೆಗಳಿವೆ. ಗ್ರೀಸ್ ದೇಶದ ಟ್ಯಾಕ್ಸಿ ಚಾಲಕರೊಬ್ಬರು 1976ರ 240 ಡಿ ಕಾರನ್ನು 46 ಲಕ್ಷ ಕಿಲೋಮೀಟರ್ ಓಡಿಸಿ, 2004ರಲ್ಲಿ ಅದನ್ನು ಕಂಪನಿಯ ಮ್ಯೂಸಿಯಮ್ಮಿಗೇ ಒಪ್ಪಿಸಿದರು. ಇಂಥ ಸಂಗತಿ ಓದಿದವರು ಎಂಜಿನ್ನನ್ನು ಹೊಗಳುತ್ತಾರೆ. ನನಗೆ ಮಾತ್ರ ಆ ಚಾಲಕರ ಊರಿನ ಮಿಸ್ತ್ರಿಗಳ ನೆನಪಾಗುತ್ತದೆ, ಅವರ ಮುಖ ನಾನು ಕಂಡಿಲ್ಲದಿದ್ದರೂ. ಅಷ್ಟು ದೂರ ಯಾವ ಗಾಡಿಯೂ ತಾನಾಗಿ ಓಡುವುದಿಲ್ಲ. ಎಣ್ಣೆ ಯಾವಾಗ ಬದಲಿಸಬೇಕು, ಯಾವ ಸದ್ದಿಗೆ ಹೆದರಬೇಕು, ಯಾವುದಕ್ಕೆ ಹೆದರಬಾರದು ಎಂದು ಬಲ್ಲ ಕೈಗಳು ಹತ್ತಿರದಲ್ಲಿ ಇದ್ದಿರಲೇಬೇಕು.

ಹತ್ತು ವರ್ಷದ ಮೇಲೆ, ಮಿಲ್ಲಿನ ವ್ಯವಹಾರ ನನ್ನ ಕೈಗೆ ಬಂದ ಮೇಲೆ, ಹೊಸ ಗಾಡಿ ಕೊಂಡೆವು. ಇದೂ ಯುರೋಪಿನದೇ, ಹೆಸರಾಂತ ಕಂಪನಿ. ಹೆಸರು ಇಲ್ಲಿ ಬೇಡ. ನಾನು ಹೇಳಹೊರಟ ಸಂಗತಿ ಒಂದೇ ಕಂಪನಿಗೆ ಸೇರಿದ್ದಲ್ಲ. ಗಾಡಿ ಚೆಂದವಿತ್ತು, ಅದನ್ನು ಮನಸ್ಸು ಬಿಚ್ಚಿ ಹೇಳಬೇಕು. ಕುಷ್ಟಗಿಯಿಂದ ವಿಜಯಪುರದ ಕಡೆ ಹೋಗುವ ನಾಲ್ಕು ಪಥದ ರಸ್ತೆ, ಮೊದಲಿನ 13, ಈಗಿನ ಹೆದ್ದಾರಿ 50, ಅದರ ಮೇಲೆ ಓಡಿಸಿದರೆ ಒಳಗೆ ಕೂತವರಿಗೆ ವೇಗವೇ ತಿಳಿಯುತ್ತಿರಲಿಲ್ಲ. ಅಪ್ಪನಿಗೆ ಸೊಂಟದ ನೋವು. ಆ ಸೀಟಿನಲ್ಲಿ ಕೂತು ಬಂದ ದಿನ ನೋವಿನ ಮಾತೇ ಎತ್ತುತ್ತಿರಲಿಲ್ಲ. ಆ ಸುಖ ಸುಳ್ಳಲ್ಲ.

ಆದರೆ ಅದರ ಎಂಜಿನ್ನಿಗೆ ಬೇಕಾದ ಡೀಸೆಲ್ ನಮ್ಮ ಜಿಲ್ಲೆಯಲ್ಲಿ ಸಿಗುತ್ತಿರಲಿಲ್ಲ. ಬಹಳ ಜನರಿಗೆ ಗೊತ್ತಿಲ್ಲದ ವಿಷಯ ಇದು. 2010ರಲ್ಲಿ ಬೆಂಗಳೂರೂ ಸೇರಿ ದೇಶದ 13 ದೊಡ್ಡ ನಗರಗಳಿಗೆ ಭಾರತ್ ಸ್ಟೇಜ್ 4 ಇಂಧನ ಬಂತು; ಉಳಿದ ಊರುಗಳಿಗೆ ಸ್ಟೇಜ್ 3. ಬೆಂಗಳೂರಿನ ಡೀಸೆಲ್‌ನಲ್ಲಿ ಗಂಧಕದ ಮಿತಿ ಹತ್ತು ಲಕ್ಷಕ್ಕೆ 50 ಪಾಲು, ಸ್ಟೇಜ್ 3ರಲ್ಲಿ 350. ಇಡೀ ದೇಶಕ್ಕೆ ಸ್ಟೇಜ್ 4 ಬಂದದ್ದು 2017ರ ಏಪ್ರಿಲ್‌ನಲ್ಲಿ, ಗಂಧಕ 10ಕ್ಕೆ ಇಳಿದ ಸ್ಟೇಜ್ 6 ಬಂದದ್ದು 2020ರಲ್ಲಿ. ಅಂದರೆ ಮೊದಲ ಕೆಲವು ವರ್ಷ ಬೆಂಗಳೂರಿನ ಶೋರೂಮಿನಲ್ಲಿ ಕೊಂಡ ಗಾಡಿಗೆ ಗಂಗಾವತಿಯ ಬಂಕಿನ ಡೀಸೆಲ್ ಕುಡಿಸಿದವರು ನಾವು. ಗಂಧಕ ಸುಟ್ಟು ಆಮ್ಲವಾಗಿ ಎಂಜಿನ್ ಆಯಿಲ್ ಬೇಗ ಕೆಡುತ್ತದೆ; ಹೊಗೆ ಶುದ್ಧಿ ಮಾಡುವ ಭಾಗಗಳು ಬೇಗ ಸೋಲುತ್ತವೆ. ಹಳೆಯ ಬೆಂಜಿನ ಪಂಪು ಒರಟು ಡೀಸೆಲ್ಲನ್ನೂ ಅರಗಿಸಿಕೊಳ್ಳುತ್ತಿತ್ತು. ಹೊಸ ಕಾಮನ್ ರೇಲ್ ಎಂಜಿನ್ನಿನಲ್ಲಿ ಇಂಧನದ ಒತ್ತಡ 1,600 ಬಾರ್ ದಾಟುತ್ತದೆ, ಇಂಜೆಕ್ಟರಿನ ತೂತು ಕೂದಲೆಳೆಗಿಂತ ತುಸು ದಪ್ಪ ಅಷ್ಟೆ. ಒಂದಿಷ್ಟು ನೀರು, ಒಂದಿಷ್ಟು ಕಸ ಸಾಕು. ಇದನ್ನು ಮಾರುವಾಗ ನಮಗೆ ಯಾರೂ ಹೇಳಲಿಲ್ಲ. ನಿಮ್ಮೂರಿನ ಡೀಸೆಲ್‌ಗೆ ಆಯಿಲನ್ನು ಬೇಗ ಬದಲಿಸಿ ಎಂಬ ಒಂದು ಮಾತು ಹೇಳಿದ್ದರೂ ಆಗುತ್ತಿತ್ತು.

ಡೀಸೆಲ್‌ಗಿಂತ ಮೊದಲು ನಮ್ಮನ್ನು ಕಾಡಿದ್ದು ಇಲಿ.

ರೈಸ್‌ಮಿಲ್ಲು ಇದ್ದಲ್ಲಿ ಇಲಿ, ಹೆಗ್ಗಣ ಇದ್ದೇ ಇರುತ್ತವೆ. ರಾತ್ರಿ ಗಾಡಿ ನಿಲ್ಲಿಸಿದರೆ ಎಂಜಿನ್ನಿನ ಬಿಸಿಗೆ ಬಂದು ಸೇರಿಕೊಳ್ಳುತ್ತವೆ. ಬೆಂಜಿನ ಕಾಲದಲ್ಲೂ ಬರುತ್ತಿದ್ದವು; ಒಂದು ತಂತಿ ಕಡಿದರೆ ಒಂದು ದೀಪ ಹತ್ತುತ್ತಿರಲಿಲ್ಲ, ಅಷ್ಟೆ. ಆ ವರ್ಷ ಬೇಸಿಗೆಯಲ್ಲಿ ಅವ್ವನನ್ನು ತವರಿನಿಂದ ಕರೆದುಕೊಂಡು ಬರುತ್ತಿದ್ದೆ. ಯಲಬುರ್ಗಾ ಬಿಟ್ಟು ಕುಕನೂರು ದಾಟಿ ಭಾನಾಪುರದ ಕಡೆ ಹೊರಟಿದ್ದೆವು. ಎರಡೂ ಕಡೆ ಕಡಲೆ ಕಿತ್ತ ಎರಿ ಹೊಲ, ಬಾಯಿ ಬಿಟ್ಟ ನೆಲ. ಇದ್ದಕ್ಕಿದ್ದಂತೆ ಪರದೆಯ ಮೇಲೆ ಹಳದಿ ಅಕ್ಷರ ಬಂತು: ಎಂಜಿನ್ ಶಕ್ತಿ ಕಡಿಮೆಯಾಗಿದೆ, ವರ್ಕ್‌ಶಾಪನ್ನು ಸಂಪರ್ಕಿಸಿ. ಗೇರು ಒಂದರಲ್ಲೇ ಹಿಡಿದುಕೊಂಡಿತು. ಆಕ್ಸಿಲರೇಟರ್ ಎಷ್ಟು ತುಳಿದರೂ ಚಕ್ಕಡಿಯ ವೇಗ. ಆಮೇಲೆ ಏಸಿ ನಿಂತಿತು, ಕೊನೆಗೆ ಗಾಡಿಯೂ ನಿಂತಿತು. ಬಾನೆಟ್ ಎತ್ತಿದರೆ ಕಾಣುವುದು ಒಂದು ದೊಡ್ಡ ಪ್ಲಾಸ್ಟಿಕ್ ಮುಚ್ಚಳ ಮಾತ್ರ. ಸಂಪರ್ಕಿಸಬೇಕಾದ ವರ್ಕ್‌ಶಾಪು ಮುನ್ನೂರೈವತ್ತು ಕಿಲೋಮೀಟರ್ ಆಚೆ, ಬೆಂಗಳೂರಿನಲ್ಲಿ.

ಅವ್ವ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಜಾಲಿಗಿಡದ ಅರೆನೆರಳಿಗೆ ಹೋಗಿ ಕೂತಳು. ಅವಳಿಗೆ ಸಕ್ಕರೆ ಕಾಯಿಲೆ. ಮಾತ್ರೆ ತಗೊಳ್ಳುವ, ಊಟ ಮಾಡುವ ಹೊತ್ತು ಮೀರುತ್ತಿತ್ತು. ಕಂಪನಿಯ ಸಹಾಯವಾಣಿಯವರು ಬಹಳ ವಿನಯದಿಂದ ಮಾತಾಡಿದರು. ನಾವಿರುವ ಜಾಗದ ಹೆಸರನ್ನು ಮತ್ತೆ ಮತ್ತೆ ಕೇಳಿದರು. ಯಲಬುರ್ಗಾ ಎಂದರೆ ಅವರ ಪಟ್ಟಿಯಲ್ಲಿ ಸಿಗಲಿಲ್ಲ, ಕುಕನೂರು ಸಿಗಲಿಲ್ಲ. ಕೊಪ್ಪಳ ಜಿಲ್ಲೆ ಎಂದ ಮೇಲೆ "ಹಂಪಿ ಹತ್ತಿರಾನಾ ಸರ್?" ಎಂದರು. ಟೋವಿಂಗ್ ಗಾಡಿ ಮಾರನೇ ದಿನ ಬರಬಹುದು ಎಂದರು. ಅಷ್ಟರಲ್ಲಿ ಕುರಿ ಸಂತೆಯಿಂದ ಬರುತ್ತಿದ್ದ ಟಂಟಂ ಒಂದು ನಿಂತು, ಅದರ ಹುಡುಗ ಅವ್ವನಿಗೆ ಮುಂದಿನ ಸೀಟು ಬಿಟ್ಟುಕೊಟ್ಟ. "ಬರ್ರಿ ಯವ್ವಾ, ಭಾನಾಪುರಕ್ಕ ಬಿಡ್ತೀನಿ, ಅಲ್ಲಿಂದ ಬಸ್ಸ ಐತಿ." ಆ ಮಧ್ಯಾಹ್ನ ನಮ್ಮನ್ನು ಕಾಪಾಡಿದವನು ಅವನು. ನನಗೆ ಇವತ್ತಿಗೂ ಸಂಕಟವಾಗುವುದು ಗಾಡಿ ನಿಂತದ್ದಕ್ಕಲ್ಲ, ಅವ್ವನನ್ನು ಆ ಬಿಸಿಲಲ್ಲಿ ಕೂರಿಸಿ ಅವಳ ಊರಿನ ಹೆಸರನ್ನು ಅಕ್ಷರ ಅಕ್ಷರವಾಗಿ ಫೋನಿಗೆ ಹೇಳಬೇಕಾಗಿ ಬಂದದ್ದಕ್ಕೆ.

ಗಾಡಿಯನ್ನು ಲಾರಿಯ ಮೇಲೆ ಹಾಕಿಕೊಂಡು ಚಾಚಾನ ಶೆಡ್ಡಿಗೆ ತಂದೆವು. ಅವರಿಗೆ ಆಗಲೇ ವಯಸ್ಸಾಗಿತ್ತು, ಕಣ್ಣು ಮಂಜು. ಮಗನ ಕೈಯಲ್ಲಿ ಮುಚ್ಚಳ ಬಿಚ್ಚಿಸಿ, ಟೆಸ್ಟ್ ಲ್ಯಾಂಪ್ ಹಿಡಿದು ಒಂದೊಂದೇ ತಂತಿ ತಡಕಿದರು. ಮುಚ್ಚಳದ ಕೆಳಗೆ, ಬೆರಳು ಹೋಗದ ಸಂದಿಯಲ್ಲಿ ಇಲಿ ಗೂಡು ಕಟ್ಟಿತ್ತು: ಹೊಟ್ಟು, ಗೋಣಿಚೀಲದ ನಾರು, ಒಂದು ಹಿಡಿ ಭತ್ತ. ಪಕ್ಕದಲ್ಲಿ ಹೆರಳಿನಂತೆ ಹೆಣೆದ ಸಣ್ಣ ತಂತಿಗಳಲ್ಲಿ ಮೂರು ಕಡಿದಿದ್ದವು. ಬಣ್ಣಕ್ಕೆ ಬಣ್ಣ ಹೊಂದಿಸಿ, ಬೆಸುಗೆ ಹಾಕಿ, ಸ್ಲೀವ್ ಏರಿಸಿದರು. ಸಂಜೆಯ ಹೊತ್ತಿಗೆ ಎಂಜಿನ್ ಶುರುವಾಯಿತು. ನಾವೆಲ್ಲ ನಕ್ಕೆವು. ಆದರೆ ಪರದೆಯ ಮೇಲಿನ ಹಳದಿ ಅಕ್ಷರ ಹೋಗಲಿಲ್ಲ, ಶಕ್ತಿ ಬರಲಿಲ್ಲ. ಕೆಟ್ಟದ್ದು ಸರಿಯಾಗಿದೆ ಎಂದು ಗಾಡಿಯ ಕಂಪ್ಯೂಟರಿಗೆ ತಿಳಿಸಬೇಕಿತ್ತು. ತಿಳಿಸುವ ಯಂತ್ರ ಕಂಪನಿಯ ಕೈಯಲ್ಲಿತ್ತು. ಚಾಚಾ ಕೈ ಒರೆಸಿಕೊಂಡು ಹೇಳಿದರು: "ರೋಗ ವಾಸಿ ಆಗೇತಿ ತಮ್ಮಾ. ಅದಕ್ಕ ಹೇಳಾಕ ನನಗ ಬರವಲ್ದು."

ಗಾಡಿ ಬೆಂಗಳೂರಿಗೆ ಹೋಯಿತು. ಅಲ್ಲಿ ಬೆಸುಗೆ ಹಾಕಿದ ತಂತಿಯನ್ನು ಒಪ್ಪಲಿಲ್ಲ. ಇಡೀ ತಂತಿಗಟ್ಟನ್ನೇ ಬದಲಿಸಬೇಕು, ಅದು ಹೊರದೇಶದಿಂದ ಬರಬೇಕು ಎಂದರು. ವಾರಗಳು ಕಳೆದವು. ಇಲಿ ಕಡಿದದ್ದಕ್ಕೆ ವಾರಂಟಿ ಇಲ್ಲ. ಬಿಲ್ಲು ಬಂದಾಗ ಅಪ್ಪ ಅದನ್ನು ಓದಿ ಮಡಚಿ ಕೊಟ್ಟರು, ಏನೂ ಅನ್ನಲಿಲ್ಲ. ಆಮೇಲೆ ಇದು ರೂಢಿಯಾಯಿತು. ಒಮ್ಮೆ ಇಂಜೆಕ್ಟರಿಗೆ, ಒಮ್ಮೆ ಕುಷ್ಟಗಿಯಲ್ಲಿ ಅಕ್ಕನ ಮನೆಯ ಮುಂದೆ ರಾತ್ರಿಯೆಲ್ಲ ನಿಂತು ಬೆಳಗಾಗುವುದರೊಳಗೆ ಹಿಂದಿನ ಭಾಗ ನೆಲಕ್ಕೆ ಕುಸಿದಿದ್ದ ಏರ್ ಸಸ್ಪೆನ್ಷನ್ನಿಗೆ. ಬಜಾರಿನಲ್ಲಿ ಸಿಕ್ಕವರು ಕೇಳುತ್ತಿದ್ದರು, "ಗಾಡಿ ಎಲ್ಲೈತ್ರಿ?" ಉತ್ತರ ಸಿದ್ಧವಿತ್ತು: "ಬೆಂಗಳೂರಿಗೆ ಹೋಗೇತಿ." ಆ ದಿನಗಳಲ್ಲೆಲ್ಲ ಕ್ಯಾಂಪಿಗೆ, ಕೊಪ್ಪಳಕ್ಕೆ, ಆಸ್ಪತ್ರೆಗೆ ಓಡಾಡಿದ್ದು ಅದೇ ಹಳೆಯ ಬೆಂಜ್.

ಲೆಕ್ಕ ಹಾಕಿದರೆ ಹೊಸ ಗಾಡಿ ಕೆಟ್ಟದ್ದು ಅಂಬಾಸಿಡರ್‌ಗಿಂತ ಎಷ್ಟೋ ಕಡಿಮೆ ಸಲ. ಅಮೆರಿಕದ ಜೆ.ಡಿ. ಪವರ್ ಸಂಸ್ಥೆ ಪ್ರತಿ ವರ್ಷ ಮೂರು ವರ್ಷ ಹಳೆಯ ಕಾರುಗಳ ಮಾಲೀಕರನ್ನು ಕೇಳಿ, ನೂರು ಕಾರಿಗೆ ಎಷ್ಟು ತೊಂದರೆ ಎಂದು ಅಂಕಿ ಕೊಡುತ್ತದೆ. ಲೆಕ್ಸಸ್ ಅದರಲ್ಲಿ ಎಷ್ಟೋ ವರ್ಷ ಮೊದಲ ಸ್ಥಾನದಲ್ಲಿದೆ. ಉಪಯುಕ್ತ ಲೆಕ್ಕವೇ. ಆದರೆ ಅದು ಎಷ್ಟು ಸಲ ಕೆಟ್ಟಿತು ಎಂದು ಕೇಳುತ್ತದೆ. ಕೆಟ್ಟ ಜಾಗದಿಂದ ಸರಿ ಮಾಡುವವರು ಎಷ್ಟು ದೂರ ಎಂದು ಕೇಳುವುದಿಲ್ಲ. ಯಲಬುರ್ಗಾ ರಸ್ತೆಯಲ್ಲಿ ಒಂದು ಗಾಡಿಯನ್ನು ನಂಬಬಹುದೋ ಇಲ್ಲವೋ ಎಂಬುದು ತೀರ್ಮಾನವಾಗುವುದು ಆ ದೂರದಲ್ಲಿ. ತಾಸಿಗೊಮ್ಮೆ ಬಿಸಿಯಾಗಿ ನಿಂತರೂ ಅಂಬಾಸಿಡರ್ ನಮ್ಮನ್ನು ರಾತ್ರಿಗೆ ಮನೆ ಮುಟ್ಟಿಸುತ್ತಿತ್ತು.

ನಮ್ಮೊಬ್ಬರ ಕಥೆಯಲ್ಲ ಇದು. ಅದಿರಿನ ಕಾಲದಲ್ಲಿ ಹೊಸಪೇಟೆ, ಬಳ್ಳಾರಿಗೆ ಬಂದ ಬೆಲೆಬಾಳುವ ಗಾಡಿಗಳಿಗೆ ಲೆಕ್ಕವಿರಲಿಲ್ಲ. 2011ರ ಜುಲೈನಲ್ಲಿ ಲೋಕಾಯುಕ್ತ ವರದಿ ಬಂತು, ಅದೇ ತಿಂಗಳು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಆಮೇಲೆ ಅವು ಕೈ ಬದಲಿಸುತ್ತ ಕೊಪ್ಪಳ, ಗಂಗಾವತಿಯ ಕಡೆಗೂ ಬಂದವು. ಅಗ್ಗವಾಗಿ ಸಿಕ್ಕಿತೆಂದು ಹುಡುಗರು ಕೊಂಡರು, ಮದುವೆ ಮೆರವಣಿಗೆಗೆ ಬಾಡಿಗೆಗೆ ಬಿಟ್ಟರು. ಒಂದು ಗೇರ್‌ಬಾಕ್ಸೋ ಒಂದು ಕಂಪ್ಯೂಟರ್ ಡಬ್ಬಿಯೋ ಹೋದ ದಿನ ಅವರ ಉಳಿತಾಯವೂ ಹೋಯಿತು. ಎಷ್ಟೋ ಗಾಡಿಗಳು ಶೆಡ್ಡುಗಳ ಹಿಂದೆ ಟಾರ್ಪಾಲಿನ ಕೆಳಗೆ ಕೂತಿವೆ. ಅವುಗಳಲ್ಲಿ ಬಹಳಷ್ಟಕ್ಕೆ ಸಣ್ಣ ರೋಗ. ಸಾಮಾನು ಸಿಕ್ಕರೆ, ಸ್ಕ್ಯಾನರಿಗೆ ಬಾಗಿಲು ತೆರೆದರೆ ನಾಳೆಯೇ ಓಡುತ್ತವೆ.

ಬಾಗಿಲು ಮುಚ್ಚಿಕೊಂಡಿರುವುದು ತಂತ್ರಜ್ಞಾನದ ಅನಿವಾರ್ಯ ಎಂದು ನಾನೂ ಬಹಳ ದಿನ ತಿಳಿದಿದ್ದೆ. ಹಾಗಲ್ಲ ಎಂದು ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲೇ ತೀರ್ಪು ಕೊಟ್ಟಿದೆ. ಬಿಡಿಭಾಗಗಳನ್ನೂ ದೋಷ ಪತ್ತೆ ಮಾಡುವ ಉಪಕರಣಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ತಡೆದಿದ್ದಕ್ಕೆ 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,544 ಕೋಟಿ ರೂಪಾಯಿ ದಂಡ ಹಾಕಿತು. ದುಬಾರಿ ಗಾಡಿ ಮಾಡುವವರೂ ಸಾಮಾನ್ಯರ ಗಾಡಿ ಮಾಡುವವರೂ ಆ ಪಟ್ಟಿಯಲ್ಲಿದ್ದರು. ಕಂಪನಿಗಳು ಮೇಲ್ಮನವಿಗೆ ಹೋದವು. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿಯ ಹಕ್ಕಿನ ಬಗ್ಗೆ ಸಮಿತಿ ಮಾಡಿ, ಕೃಷಿ ಯಂತ್ರ, ಮೊಬೈಲು, ಗೃಹೋಪಯೋಗಿ ವಸ್ತುಗಳ ಜೊತೆ ವಾಹನಗಳನ್ನೂ ಸೇರಿಸಿತು. ಕೃಷಿ ಯಂತ್ರವನ್ನು ಸೇರಿಸಿದ್ದು ನನಗೆ ಕಾರಿಗಿಂತ ದೊಡ್ಡ ಸುದ್ದಿ. ಕಾರಟಗಿಯಲ್ಲಿ ಭತ್ತ ಕಟಾವಿನ ಯಂತ್ರ ಸುಗ್ಗಿಯ ಮಧ್ಯೆ ನಿಂತರೆ, ಮೋಡ ಬೇರೆ ಕಟ್ಟಿದ್ದರೆ, ದೂರದ ಊರಿನ ಲ್ಯಾಪ್‌ಟಾಪಿಗಾಗಿ ಕಾಯಲು ರೈತನಿಗೆ ವ್ಯವಧಾನ ಎಲ್ಲಿಯದು?

ಚಾಚಾ ತೀರಿಕೊಂಡರು. ಮಗ ಶೆಡ್ಡು ನಡೆಸುತ್ತಾನೆ. ಐಟಿಐ ಮಾಡಿದ್ದಾನೆ, ತನ್ನ ದುಡ್ಡಿನಲ್ಲಿ ಸ್ಕ್ಯಾನರ್ ತಂದಿದ್ದಾನೆ, ಗ್ರೀಸಿನ ಕೈ ಒರೆಸಿಕೊಂಡು ಲ್ಯಾಪ್‌ಟಾಪ್ ತೆರೆಯುತ್ತಾನೆ. ಮಾರುತಿ, ಮಹೀಂದ್ರ, ಟೊಯೊಟಾ ಎಲ್ಲ ಅವನ ಹತ್ತಿರ ಬರುತ್ತವೆ. ನಮ್ಮ ಹೊಸ ಗಾಡಿಯ ದೋಷವನ್ನೂ ಈಗ ಓದಬಲ್ಲ. ಹೊಸ ಭಾಗ ಹಾಕಿ ಅದನ್ನು ಗಾಡಿಗೆ ಪರಿಚಯಿಸಬೇಕಾದಾಗ ಮಾತ್ರ ಕಂಪನಿಯ ಸರ್ವರ್ ಪಾಸ್‌ವರ್ಡ್ ಕೇಳುತ್ತದೆ. ಅಪ್ಪನ ಹೆಸರಿನ ಬೆಂಜ್ ಈಗಲೂ ಅವನ ಕೈಯಲ್ಲೇ ಇದೆ. ಹದಿನೈದು ವರ್ಷವಾದಾಗ ಕೊಪ್ಪಳದ ಆರ್‌ಟಿಓ ಕಚೇರಿಗೆ ಒಯ್ದು ನೋಂದಣಿ ನವೀಕರಿಸಿದೆವು. ಆ ಎಂಜಿನ್ನಿನ ಪಂಪು ಇವತ್ತು ಪಳಗಿದ ಕೈ ಬಿಟ್ಟರೆ ಬೇರೇನೂ ಕೇಳುವುದಿಲ್ಲ.

ಕುಷ್ಟಗಿಯ ಮಾಮಾ, ಅಕ್ಕನ ಗಂಡ, ಈಗ ದೊಡ್ಡ ಗಾಡಿ ಕೊಳ್ಳುವ ವಿಚಾರದಲ್ಲಿದ್ದಾರೆ. ಅಕ್ಕನಿಗೆ ಮೊಣಕಾಲು ನೋವು, ಎತ್ತರದ ಸೀಟು ಬೇಕು. ಕಳೆದ ತಿಂಗಳು ನನ್ನನ್ನೂ ಚಾಚಾನ ಮಗನನ್ನೂ ಹುಬ್ಬಳ್ಳಿಯ ಶೋರೂಮಿಗೆ ಕರೆದೊಯ್ದಿದ್ದರು. ಸೇಲ್ಸ್‌ನ ಹುಡುಗ ಸನ್‌ರೂಫ್ ತೋರಿಸಿದ, ಮಸಾಜ್ ಮಾಡುವ ಸೀಟು ತೋರಿಸಿದ. ಮಾಮಾ ಎಲ್ಲ ನೋಡಿ ಮುಗಿಸಿ, "ಕುಷ್ಟಗ್ಯಾಗ ನಿಂತ್ರ ಯಾರು ಬರ್ತೀರಿ? ಎಷ್ಟು ತಾಸಿನಾಗ ಬರ್ತೀರಿ? ಬರಾಕ ಆಗಲಿಲ್ಲ ಅಂದ್ರ ಈ ಹುಡುಗನ ಕೈಯಾಗ ಕೆಲಸ ಮಾಡಾಕ ಬಿಡ್ತೀರೇನು?" ಎಂದು ಕೇಳಿದರು. ಹುಡುಗ ಮ್ಯಾನೇಜರರನ್ನು ಕರೆದ. ಮ್ಯಾನೇಜರರು ಮೇಲಿನವರನ್ನು ಕೇಳಿ ತಿಳಿಸುವುದಾಗಿ ಹೇಳಿ, ಮಾಮಾನ ನಂಬರ್ ಬರೆದುಕೊಂಡರು. ಫೋನು ಇನ್ನೂ ಬಂದಿಲ್ಲ. ಮಾಮಾ ಅಡ್ವಾನ್ಸ್ ಕೊಟ್ಟಿಲ್ಲ.